ಹುಚ್ಚುನಾಯಿ ರೋಗ: ವೈರಸ್ ಒಡಲಲ್ಲಿ ಎಲ್ಲಿದೆ, ಅದನ್ನು ಕಾಣುವುದು ಹೇಗೆ?

(ಕೃಷಿ ಮತ್ತು ಆರೋಗ್ಯ ಪಾಠ)



ಸೋಲಾಪುರ, ಅಕ್ಕಲಕೋಟ ಸೀಮೆಯ ನಮ್ಮ ರೈತಾಪಿ ಮನೆಗಳಲ್ಲಿ ದನಕರುಗಳೇ ಬಂಡವಾಳ. ಒಂದು ಪಂಢರಪುರಿ ಎಮ್ಮೆ ಹಾಲು ಕೊಟ್ಟರೆ ಮಕ್ಕಳ ಶಾಲೆಯ ಖರ್ಚು ನಡೆಯುತ್ತದೆ. ಒಂದು ಜೋಡಿ ಖಿಲಾರಿ ಎತ್ತು ಇದ್ದರೆ ಹಿಂಗಾರಿ ಜೋಳದ ಬಿತ್ತನೆ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಅಂಥ ಎಮ್ಮೆ ಒಂದು ದಿನ ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ನೀರು ನುಂಗಲಾರದೆ ನಿಂತರೆ ಮನೆಯವರಿಗೆ ಮೊದಲು ತೋಚುವುದು ಏನು? ಕಣಿಕೆಯ ತುಂಡು ಗಂಟಲಿಗೆ ಸಿಕ್ಕಿರಬೇಕು ಎಂದು. ಮನೆಯ ಹಿರಿಯರು ಅದರ ಬಾಯೊಳಗೆ ಕೈಹಾಕಿ ತಡಕುತ್ತಾರೆ. ಕೆಲವು ಸಲ ನಿಜವಾಗಿಯೂ ಏನಾದರೂ ಸಿಕ್ಕಿರುತ್ತದೆ. ಆದರೆ ಕೆಲವು ಸಲ ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಆಗಿರುತ್ತದೆ. ಆಗ ಕೈಗೆ ಹತ್ತಿದ ಆ ಜೊಲ್ಲಿನಲ್ಲಿಯೇ ರೋಗದ ವೈರಸ್ ಇರಬಹುದು. ಕೈಯಲ್ಲಿ ಕುಡುಗೋಲು ತಾಗಿದ ಗಾಯವೋ, ಮುಳ್ಳಿನ ಗೀರೋ ಇದ್ದರೆ ಅದೇ ಅದಕ್ಕೆ ಬಾಗಿಲು.

ಈ ರೋಗದ ವಿಷಯದಲ್ಲಿ ‘ವೈರಸ್ ಈಗ ಒಡಲಿನಲ್ಲಿ ಎಲ್ಲಿದೆ?’ ಎಂಬ ಒಂದೇ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದರೆ, ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಆದ್ದರಿಂದ ಈ ಸಲದ ಪಾಠದಲ್ಲಿ, ಪ್ರಾಣಿಯ ಅಂಗಾಂಶಗಳಲ್ಲಿ ಒಂದು ಅಣು ಎಲ್ಲಿ ಅಡಗಿದೆ ಎಂಬುದನ್ನು ವಿಜ್ಞಾನಿಗಳು ಹೇಗೆ ಪತ್ತೆಹಚ್ಚುತ್ತಾರೆ, ಅದರಿಂದ ನಮಗೆ ಏನು ಪ್ರಯೋಜನ ಎಂಬುದನ್ನು ತಿಳಿದುಕೊಳ್ಳೋಣ.

1. ಗಾಯದಿಂದ ಮಿದುಳಿಗೆ, ಮಿದುಳಿನಿಂದ ಜೊಲ್ಲಿಗೆ

ಇಟ್ಟಿಗೆಗಳಿಂದ ಗೋಡೆ, ಗೋಡೆಗಳಿಂದ ಮನೆ ಆಗುವಂತೆ ಜೀವಕೋಶಗಳಿಂದ ಅಂಗಾಂಶ, ಅಂಗಾಂಶಗಳಿಂದ ಅಂಗ ಆಗುತ್ತದೆ. ಸ್ನಾಯು, ನರ, ಮಿದುಳು, ಜೊಲ್ಲುಗ್ರಂಥಿ ಒಂದೊಂದರ ಜೀವಕೋಶವೂ ಬೇರೆ ಬೇರೆ ಬಗೆಯದು. ಎಲ್ಲ ರೋಗಾಣುಗಳೂ ಎಲ್ಲ ಕೋಶಗಳಲ್ಲಿ ನೆಲೆಸುವುದಿಲ್ಲ. ರೇಬೀಸ್ ವೈರಸ್ಸಿಗೆ ಬೇಕಾದದ್ದು ನರಕೋಶ.

ಈ ವೈರಸ್ ಬಂದೂಕಿನ ಗುಂಡಿನ ಆಕಾರದ್ದು. ಅದರ ಉದ್ದ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಅದರಲ್ಲಿ ಐದೇ ಬಗೆಯ ಪ್ರೋಟೀನುಗಳಿವೆ. ಮೇಲುಹೊದಿಕೆಯಲ್ಲಿ ಮುಳ್ಳುಗಳಂತೆ ನಿಂತಿರುವ ಒಂದು ಪ್ರೋಟೀನು ನರದ ತುದಿಯನ್ನು ಹಿಡಿದುಕೊಳ್ಳಲು ನೆರವಾಗುತ್ತದೆ. ಒಳಗೆ ವೈರಸ್ಸಿನ ಬೀಜದ್ರವ್ಯವನ್ನು ಸುತ್ತಿಕೊಂಡಿರುವ ಇನ್ನೊಂದು ಪ್ರೋಟೀನು ಇದೆ. ಇದನ್ನು ನೆನಪಿನಲ್ಲಿಡಿ, ಪ್ರಯೋಗಶಾಲೆಯವರು ಹುಡುಕುವುದು ಮುಖ್ಯವಾಗಿ ಇದನ್ನೇ.

ಹುಚ್ಚುನಾಯಿ ಕಚ್ಚಿದಾಗ ಜೊಲ್ಲಿನೊಡನೆ ವೈರಸ್ ಗಾಯದೊಳಗೆ ಇಳಿಯುತ್ತದೆ. ಮೊದಲು ಅದು ಅಲ್ಲಿಯೇ, ಸ್ನಾಯುವಿನ ಬಳಿ ಇರುತ್ತದೆ. ಬಳಿಕ ನರದ ತುದಿಯನ್ನು ಹೊಕ್ಕು ನರತಂತುವಿನ ಒಳಗಿನಿಂದಲೇ ಬೆನ್ನುಹುರಿಯ ಕಡೆಗೆ, ಅಲ್ಲಿಂದ ಮಿದುಳಿಗೆ ಸಾಗುತ್ತದೆ. ಮನುಷ್ಯರಲ್ಲಿ ಕಚ್ಚಿದ ಮೇಲೆ ರೋಗಲಕ್ಷಣ ಕಾಣಲು ಸಾಮಾನ್ಯವಾಗಿ 2-3 ತಿಂಗಳು ಬೇಕು. ಒಂದು ವಾರದಲ್ಲಿಯೂ ಕಾಣಬಹುದು, ಒಂದು ವರ್ಷವೂ ಆಗಬಹುದು. ಮುಖ, ಕುತ್ತಿಗೆ, ಕೈಬೆರಳುಗಳಿಗೆ ಕಚ್ಚಿದರೆ ಅಪಾಯ ಹೆಚ್ಚು; ಅಲ್ಲಿ ನರಗಳು ದಟ್ಟ, ತಲೆಯ ಭಾಗದಿಂದ ಮಿದುಳಿಗೆ ದಾರಿಯೂ ಹತ್ತಿರ. ಸಣ್ಣ ಮಕ್ಕಳಿಗೆ ಮುಖ, ತಲೆಗೇ ಕಚ್ಚುವುದು ಹೆಚ್ಚಾದ್ದರಿಂದ ಅವರ ವಿಷಯದಲ್ಲಿ ಒಂದು ಗಳಿಗೆಯನ್ನೂ ಕಳೆಯಬಾರದು.

ಮಿದುಳಿನಲ್ಲಿ ವೈರಸ್ ಬಹಳವಾಗಿ ಹೆಚ್ಚಿ, ಮತ್ತೆ ನರಗಳ ದಾರಿಯಿಂದಲೇ ಹೊರಗೆ ಬಂದು ಜೊಲ್ಲುಗ್ರಂಥಿಗಳನ್ನು ಸೇರುತ್ತದೆ. ನುಂಗುವ ನರಗಳು ಸೋತಿರುವುದರಿಂದ ಜೊಲ್ಲು ಹೊರಗೆ ಸುರಿಯುತ್ತದೆ. ದನ ಒಡಕು ದನಿಯಲ್ಲಿ ಕೂಗುವುದು, ಪದೇ ಪದೇ ಮುಕ್ಕುವುದು, ಹಿಂಗಾಲು ಜೋಲುವುದು ಇವೆಲ್ಲ ಮಿದುಳು ಮತ್ತು ಬೆನ್ನುಹುರಿಗೆ ತಟ್ಟಿದ ಪೆಟ್ಟಿನ ಗುರುತುಗಳು. ಈ ಹಂತ ಮುಟ್ಟಿದ ಮೇಲೆ ದನವಾಗಲಿ ಮನುಷ್ಯನಾಗಲಿ ಉಳಿಯುವುದು ಇಲ್ಲವೆಂದೇ ಹೇಳಬೇಕು.

2. ವೈರಸ್ಸನ್ನು ಕಾಣುವ ಮೊದಲೇ ಅದರ ನೆಲೆ ತಿಳಿದಿತ್ತು

ಹಿಂದಿನ ಕಾಲದಲ್ಲಿ ಯುರೋಪಿನ ಕ್ರೈಸ್ತರು ಹುಚ್ಚುನಾಯಿ ಕಚ್ಚಿದರೆ ಸಂತ ಹ್ಯೂಬರ್ಟರ ಮೊರೆಹೋಗುತ್ತಿದ್ದರು. ಅವರ ಹೆಸರಿನ ಕಬ್ಬಿಣದ ‘ಕೀಲಿ’ಯನ್ನು ಕಾಯಿಸಿ ಗಾಯದ ಮೇಲೆ ಒತ್ತುವ ರೂಢಿ ಅಲ್ಲಿತ್ತು. ನಂಜು ಇನ್ನೂ ಗಾಯದಲ್ಲಿರುವಾಗಲೇ ಅದನ್ನು ನಾಶಮಾಡಬೇಕು ಎಂಬ ತಿಳಿವಳಿಕೆ ಆ ರೂಢಿಯಲ್ಲಿ ಅಡಗಿತ್ತು. ಇಂದು ಸುಡುವ ಅಗತ್ಯವಿಲ್ಲ. ಅದಕ್ಕಿಂತ ಒಳ್ಳೆಯ ಉಪಾಯ ಸಾಬೂನು ಮತ್ತು ನೀರು.

ಫ್ರಾನ್ಸಿನ ಲೂಯಿ ಪಾಶ್ಚರ್ ಈ ವೈರಸ್ಸನ್ನು ಎಂದೂ ಕಣ್ಣಾರೆ ಕಾಣಲಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣುವಷ್ಟು ದೊಡ್ಡದಲ್ಲ. ಆದರೆ ಅದರ ನೆಲೆ ಮಿದುಳು ಮತ್ತು ಬೆನ್ನುಹುರಿ ಎಂಬುದನ್ನು ಅವರು ಮತ್ತು ಅವರ ಸಹಾಯಕರು ಪ್ರಯೋಗಗಳಿಂದ ಕಂಡುಕೊಂಡರು. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಲಸಿಕೆ ಮಾಡಿ, 1885ರ ಜುಲೈ 6ರಂದು 9 ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಿಸಿದರು. ಹುಡುಗ ಉಳಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ.

1903ರಲ್ಲಿ ಇಟಲಿಯ ಪಾವಿಯಾ ನಗರದ ವೈದ್ಯ ಅದೆಲ್ಕಿ ನೆಗ್ರಿ ರೋಗದಿಂದ ಸತ್ತ ಪ್ರಾಣಿಗಳ ಮಿದುಳನ್ನು ತೆಳುವಾಗಿ ಕೊಯ್ದು, ಬಣ್ಣಹಾಕಿ ನೋಡಿದರು. ನರಕೋಶಗಳ ಒಳಗೆ ದುಂಡನೆಯ ಚುಕ್ಕೆಗಳು ಕಂಡವು. ಇವಕ್ಕೆ ‘ನೆಗ್ರಿ ಕಾಯಗಳು’ ಎಂದು ಹೆಸರಾಯಿತು. ಅವು ಒಂದು ಬಗೆಯ ಪರೋಪಜೀವಿ ಎಂದು ನೆಗ್ರಿ ತಿಳಿದಿದ್ದರು. ಅವು ವೈರಸ್ಸಿನ ಪ್ರೋಟೀನು ಮತ್ತು ಬೀಜದ್ರವ್ಯ ಗುಂಪುಗೂಡಿ ಹೊಸ ವೈರಸ್ ತಯಾರಾಗುವ ಜಾಗಗಳು ಎಂದು ಈಗ ತಿಳಿದಿದೆ. ನಾಯಿಯಲ್ಲಿ ಅವು ಮಿದುಳಿನ ಒಳಮಡಿಕೆಯೊಂದರಲ್ಲಿ ಹೆಚ್ಚಾಗಿ ಸಿಕ್ಕರೆ, ದನಗಳಲ್ಲಿ ಕಿರುಮಿದುಳಿನ ದೊಡ್ಡ ನರಕೋಶಗಳಲ್ಲಿ ಹೆಚ್ಚು. ಬಹುಕಾಲ ಈ ಚುಕ್ಕೆಗಳನ್ನು ನೋಡಿಯೇ ರೋಗವನ್ನು ನಿರ್ಧರಿಸುತ್ತಿದ್ದರು. ಆದರೆ ರೋಗವಿದ್ದೂ ಚುಕ್ಕೆ ಕಾಣದ ಮಿದುಳುಗಳು ಬಹಳ ಇದ್ದವು. ‘ಚುಕ್ಕೆ ಇಲ್ಲ’ ಎಂದ ಮಾತ್ರಕ್ಕೆ ‘ರೋಗವಿಲ್ಲ’ ಎನ್ನುವಂತಿರಲಿಲ್ಲ.

3. ಹೊಳೆಯುವ ಬಿಲ್ಲೆ

ಸೋಲಾಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ನೂರಾರು ದನಗಳ ನಡುವೆ ನಮ್ಮ ದನವನ್ನು ಗುರುತಿಸುವುದು ಹೇಗೆ? ಕಿವಿಗೆ ಹಾಕಿದ ಹಳದಿ ಬಿಲ್ಲೆಯಿಂದ. ಜೀವಕೋಶದೊಳಗಿನ ಸಾವಿರಾರು ಬಗೆಯ ಅಣುಗಳ ನಡುವೆ ನಮಗೆ ಬೇಕಾದ ಒಂದಕ್ಕೆ ಮಾತ್ರ ಹೀಗೆ ಬಿಲ್ಲೆ ಹಾಕಲು ಸಾಧ್ಯವೇ? ಸಾಧ್ಯವೆಂದು ತೋರಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯ ಆಲ್ಬರ್ಟ್ ಕೂನ್ಸ್, 1941ರಲ್ಲಿ.

ನಮ್ಮ ರಕ್ತದಲ್ಲಿ ಪ್ರತಿಕಾಯ ಎಂಬ ರಕ್ಷಕ ಪ್ರೋಟೀನುಗಳಿವೆ. ಒಂದು ಬೀಗಕ್ಕೆ ಒಂದೇ ಕೀಲಿ ಕೂಡುವಂತೆ, ಒಂದು ಬಗೆಯ ಪ್ರತಿಕಾಯ ತನಗೆ ಹೊಂದುವ ಅಣುವನ್ನೇ ಹಿಡಿಯುತ್ತದೆ. ಕೂನ್ಸ್ ಅವರು ಪ್ರತಿಕಾಯಕ್ಕೆ ಒಂದು ಹೊಳೆಯುವ ಬಣ್ಣವನ್ನು ಜೋಡಿಸಿದರು. ಪ್ರತಿಕಾಯ ಎಲ್ಲಿ ಹೋಗಿ ಅಂಟಿತೋ ಅಲ್ಲಿ ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹೊಳಪು ಕಂಡಿತು. ಅಣು ಇದೆಯೇ ಎಂಬುದರ ಜೊತೆಗೆ, ಅದು ಯಾವ ಅಂಗಾಂಶದ ಯಾವ ಕೋಶದಲ್ಲಿ, ಕೋಶದ ಯಾವ ಭಾಗದಲ್ಲಿ ಇದೆ ಎಂಬುದೂ ಕಾಣತೊಡಗಿತು.

1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಎಂಬ ವಿಜ್ಞಾನಿಗಳು ಇದನ್ನು ರೇಬೀಸ್ ಪತ್ತೆಗೆ ಬಳಸಿದರು. ಸತ್ತ ಪ್ರಾಣಿಯ ಮಿದುಳಿನ ಚೂರನ್ನು ಗಾಜಿನ ಪಟ್ಟಿಗೆ ಒತ್ತಿ, ತಣ್ಣನೆಯ ಅಸಿಟೋನಿನಲ್ಲಿ ಇಟ್ಟು ಅಂಟಿಸುತ್ತಾರೆ. ಅದರ ಮೇಲೆ ಬಣ್ಣಕಟ್ಟಿದ ಪ್ರತಿಕಾಯವನ್ನು ಹಾಕಿ, ನಮ್ಮ ಮೈಯಷ್ಟೇ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಸುಮಾರು ಅರ್ಧ ಗಂಟೆ ಇಡುತ್ತಾರೆ. ಬಳಿಕ ಚೆನ್ನಾಗಿ ತೊಳೆಯುತ್ತಾರೆ. ಹಿಡಿತ ಸಿಗದ ಪ್ರತಿಕಾಯವೆಲ್ಲ ತೊಳೆದುಹೋಗುತ್ತದೆ. ವೈರಸ್ಸಿನ ಪ್ರೋಟೀನನ್ನು ಹಿಡಿದದ್ದು ಮಾತ್ರ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕತ್ತಲೆಯ ಹಿನ್ನೆಲೆಯಲ್ಲಿ ಎಳೆ ಸೇಬಿನ ಹಸಿರು ಬಣ್ಣದ ಚುಕ್ಕೆಗಳು ಹೊಳೆದರೆ ರೋಗ ಇತ್ತೆಂದು ಅರ್ಥ. ಕಣ್ಣು ಮೋಸಹೋಗಬಾರದೆಂದು, ರೋಗವಿತ್ತೆಂದು ಗೊತ್ತಿರುವ ಒಂದು ಮಿದುಳನ್ನೂ ಆರೋಗ್ಯವಂತ ಪ್ರಾಣಿಯ ಒಂದು ಮಿದುಳನ್ನೂ ಪ್ರತಿ ಸಲ ಜೊತೆಗಿಟ್ಟು ಹೋಲಿಸುತ್ತಾರೆ. ಇಂದಿಗೂ ಲೋಕವೆಲ್ಲ ಒಪ್ಪಿರುವ ಪ್ರಮಾಣ ಪರೀಕ್ಷೆ ಇದೇ.

ಹೊಳಪು ನೋಡುವ ಸೂಕ್ಷ್ಮದರ್ಶಕ ದುಬಾರಿ. ಆದ್ದರಿಂದ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ನೋಡಬಹುದಾದ ಇನ್ನೊಂದು ವಿಧಾನವೂ ಬಂದಿದೆ. ಅದರಲ್ಲಿ ಪ್ರತಿಕಾಯ ಅಂಟಿದ ಜಾಗ ನೀಲಿ ಹಿನ್ನೆಲೆಯಲ್ಲಿ ಕೆಂಪಗೆ ಕಾಣುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವೈರಾಣು ವಿಭಾಗ ಮನುಷ್ಯರ ರೇಬೀಸ್ ಪತ್ತೆಯಲ್ಲಿ ಹೆಸರಾದದ್ದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸ್ ಪತ್ತೆಗೆ ಅಂತರರಾಷ್ಟ್ರೀಯ ಮನ್ನಣೆ ಪಡೆದ ಪ್ರಯೋಗಶಾಲೆಯಿದೆ. ನಮ್ಮ ಮಹಾರಾಷ್ಟ್ರದಲ್ಲಿ ಜಾನುವಾರು ರೋಗಗಳ ತಪಾಸಣೆಗೆ ಪುಣೆಯ ಔಂಧದಲ್ಲಿ ಸರಕಾರಿ ರೋಗ ಅನ್ವೇಷಣ ವಿಭಾಗವಿದೆ. ಮಾದರಿಯನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ತಾಲೂಕಾ ಪಶುವೈದ್ಯರು ನಿರ್ಧರಿಸುತ್ತಾರೆ.

ದೊಡ್ಡ ಆಸ್ಪತ್ರೆಗಳಲ್ಲಿಯೂ ಇದೇ ಉಪಾಯ ನಡೆಯುತ್ತದೆ. ಸ್ತನದ ಗಂಟಿನ ಚೂರನ್ನು ತೆಗೆದು ‘ಐ.ಎಚ್.ಸಿ. ಪರೀಕ್ಷೆ ಆಗಬೇಕು’ ಎಂದು ವೈದ್ಯರು ಬರೆದರೆ, ಆ ಗಂಟಿನ ಕೋಶಗಳಲ್ಲಿ ಇಂಥ ಪ್ರೋಟೀನು ಇದೆಯೇ ಎಂದು ಬಣ್ಣಕಟ್ಟಿದ ಪ್ರತಿಕಾಯದಿಂದ ಹುಡುಕುತ್ತಾರೆ ಎಂದು ಅರ್ಥ. ಯಾವ ಔಷಧ ಹಿಡಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಅದನ್ನು ವ್ಯರ್ಥ ಖರ್ಚೆಂದು ಬಿಡಬಾರದು.

4. ‘ರಕ್ತ ತಪಾಸಣೆ ಮಾಡಿಸಿದರೆ ತಿಳಿಯದೇ?’

ನಾಯಿ ಕಚ್ಚಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ ಇದು. ಇಲ್ಲ, ತಿಳಿಯುವುದಿಲ್ಲ. ಈ ವೈರಸ್ ನರದ ಒಳದಾರಿಯಲ್ಲಿ ಸಾಗುತ್ತದೆಯೇ ಹೊರತು ಮಲೇರಿಯಾದ ಹಾಗೆ ರಕ್ತದಲ್ಲಿ ತಿರುಗುವುದಿಲ್ಲ. ಕಚ್ಚಿದಂದಿನಿಂದ ಲಕ್ಷಣ ಕಾಣುವವರೆಗೆ ಅದು ಯಾವ ಪರೀಕ್ಷೆಗೂ ಸಿಗುವುದಿಲ್ಲ. ಲಕ್ಷಣ ಕಂಡ ಮೇಲೆ ಜೊಲ್ಲಿನಲ್ಲಿ, ಅಥವಾ ಕುತ್ತಿಗೆಯ ಹಿಂಭಾಗದ ಕೂದಲಿನ ಬುಡದ ಸಣ್ಣ ನರಗಳಲ್ಲಿ ಅದನ್ನು ಹುಡುಕಬಹುದು. ಆದರೆ ಆಗ ಔಷಧದ ಕಾಲ ಮೀರಿರುತ್ತದೆ.

ಇಲ್ಲಿಯೇ ಪಾಠದ ಸಾರವಿದೆ. ವೈರಸ್ ಗಾಯದಲ್ಲಿರುವಾಗ ನಾವು ಅದನ್ನು ಕಾಣಲಾರೆವು, ಆದರೆ ಕೊಲ್ಲಬಲ್ಲೆವು. ಮಿದುಳಿನಲ್ಲಿರುವಾಗ ಕಾಣಬಲ್ಲೆವು, ಆದರೆ ಕೊಲ್ಲಲಾರೆವು. ಆದ್ದರಿಂದ ಕಚ್ಚಿಸಿಕೊಂಡವರ ಉಪಚಾರ ಯಾವ ಪರೀಕ್ಷೆಗೂ ಕಾಯಬಾರದು. ನಾಯಿಯ ಅಥವಾ ದನದ ಮಿದುಳಿನ ಪರೀಕ್ಷೆ ಇತರರನ್ನು ಉಳಿಸಲು: ಅದೇ ಜೊಲ್ಲು ತಾಗಿದವರು ಯಾರು, ಅದೇ ನಾಯಿ ಕಚ್ಚಿದ ಬೇರೆ ದನ ಯಾವುವು ಎಂದು ಹುಡುಕಿ ಲಸಿಕೆ ಹಾಕಿಸಲು.

5. ಮನುಷ್ಯರಿಗೆ ಕಚ್ಚಿದರೆ

(1) ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಬೋರ್‌ವೆಲ್ಲಿನ ಪೈಪು, ಬಿಂದಿಗೆಯ ನೀರು, ಬಟ್ಟೆ ಸಾಬೂನು ಯಾವುದಾದರೂ ಸರಿ. ವೈರಸ್ಸಿನ ಹೊರಹೊದಿಕೆ ಕೊಬ್ಬಿನದು. ಸಾಬೂನಿಗೆ ಅದು ಕರಗಿ ವೈರಸ್ ಸಾಯುತ್ತದೆ.

(2) ಅರಿಸಿನ, ಖಾರದಪುಡಿ, ಸುಣ್ಣ, ಎಣ್ಣೆ ಹಚ್ಚಬಾರದು. ಅವು ಗಾಯವನ್ನು ಕೆರಳಿಸುತ್ತವೆ. ವೈರಸ್ ಮತ್ತೂ ಒಳಗೆ ಸೇರುತ್ತದೆ. ಟಿಂಚರ್ ಅಥವಾ ಪೊವಿಡೋನ್ ಅಯೋಡಿನ್ ಹಚ್ಚಬಹುದು.

(3) ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಲಸಿಕೆ ಆರಂಭಿಸಬೇಕು. ಮರಾಠಿಯಲ್ಲಿ ‘ಪಿಸಾಳಲೇಲಾ ಕುತ್ರಾ’ ಎಂದರೆ ಹುಚ್ಚುನಾಯಿ. ದವಾಖಾನೆಯಲ್ಲಿ ಹೀಗೆ ಹೇಳಿದರೆ ತಕ್ಷಣ ತಿಳಿಯುತ್ತದೆ. ತೋಳಿನ ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನವನ್ನು 0 ಎಂದು ಎಣಿಸಿ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7, 28ನೇ ದಿನ. ಒಂದನ್ನೂ ತಪ್ಪಿಸಬಾರದು.

(4) ರಕ್ತ ಬಂದಿದ್ದರೆ, ಅಥವಾ ಜೊಲ್ಲು ಕಣ್ಣು, ಬಾಯಿ, ತೆರೆದ ಗಾಯಕ್ಕೆ ತಾಗಿದ್ದರೆ, ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯವೂ ಬೇಕು. ಗಾಯವಿದ್ದರೆ ಅದನ್ನು ಗಾಯದ ಒಳಗೇ ಚುಚ್ಚುತ್ತಾರೆ. ಏಕೆಂದರೆ ಲಸಿಕೆಯಿಂದ ಮೈ ತಾನೇ ಪ್ರತಿಕಾಯ ಮಾಡಿಕೊಳ್ಳಲು ಒಂದು ವಾರದ ಮೇಲೆ ಬೇಕು; ಅಷ್ಟರೊಳಗೆ ಗಾಯದಲ್ಲಿರುವ ವೈರಸ್ಸನ್ನು ಅಲ್ಲಿಯೇ ತಡೆಯಬೇಕು. ‘ಲಸಿಕೆ ಮಾತ್ರ ಸಾಕೇ, ಗಾಯಕ್ಕೆ ಕೊಡುವ ಸೂಜಿಯೂ ಬೇಕೇ?’ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

(5) ಕಚ್ಚಿದ ನಾಯಿ ಸಾಕಿದ್ದಾದರೆ 10 ದಿನ ಕಟ್ಟಿ ನೋಡಬೇಕು. ನಾಯಿಯ ಜೊಲ್ಲಿಗೆ ವೈರಸ್ ಬಂದ ಮೇಲೆ ಅದು ಹೆಚ್ಚು ದಿನ ಬದುಕುವುದಿಲ್ಲ. 10 ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಜೊಲ್ಲಿನಲ್ಲಿ ವೈರಸ್ ಇರಲಿಲ್ಲವೆಂದು ತಿಳಿಯಬಹುದು. ಆದರೆ ಲಸಿಕೆಯನ್ನು ಮೊದಲ ದಿನವೇ ಆರಂಭಿಸಬೇಕು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ವೈರಸ್ ಮಿದುಳಿನಲ್ಲಿ ಹೇರಳವಾಗಿ ಬೆಳೆಯುವುದರಿಂದ ಹಾಗೆ ಮಾಡುತ್ತಿದ್ದರು. ಆದರೆ ಕುರಿಯ ನರದ ಪ್ರೋಟೀನುಗಳೂ ಜೊತೆಗೆ ಬಂದು ಕೆಲವರಿಗೆ ಲಕ್ವ ಹೊಡೆಯುತ್ತಿತ್ತು. ಭಾರತದಲ್ಲಿ 2004ರ ಕೊನೆಗೆ ಅದರ ತಯಾರಿಕೆ ನಿಂತಿತು. ಈಗಿನ ಲಸಿಕೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಿಂದ ಆದದ್ದು. ಗರ್ಭಿಣಿಯರೂ ಬಾಣಂತಿಯರೂ ಎಳೆಯ ಮಕ್ಕಳೂ ಅದನ್ನು ತೆಗೆದುಕೊಳ್ಳಬಹುದು.

6. ದನಕ್ಕೆ ಕಚ್ಚಿದರೆ, ದನ ಸತ್ತರೆ

ದನಕ್ಕೆ ಕಚ್ಚಿದಾಗಲೂ ಕೈಗವಸು ಹಾಕಿಕೊಂಡು ಗಾಯವನ್ನು ಸಾಬೂನಿನಿಂದ ತೊಳೆದು ಅದೇ ದಿನ ಪಶುವೈದ್ಯರಿಂದ ಲಸಿಕೆ ಆರಂಭಿಸಬೇಕು. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬಾರದು. ಗೊಟ್ಟದಿಂದ ಔಷಧ ಕುಡಿಸಲೂ ಹೋಗಬಾರದು. ಬೇರೆ ಕಟ್ಟಿ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರಿಗೆ ತಿಳಿಸಬೇಕು. 1962 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. ಈಗಾಗಲೇ ಕೈ ಹಾಕಿದ್ದರೆ ತೊಳೆದುಕೊಂಡು ದವಾಖಾನೆಗೆ ಹೋಗಿ ನಡೆದದ್ದನ್ನು ಹೇಳಬೇಕು.

ಸಂಶಯದಿಂದ ಸತ್ತ ಪ್ರಾಣಿಯ ಪರೀಕ್ಷೆಗೆ ಬೇಕಾದದ್ದು ಮಿದುಳುಕಾಂಡ ಮತ್ತು ಕಿರುಮಿದುಳಿನ ಚೂರುಗಳು. ಆದ್ದರಿಂದ ನಾಯಿಯ ತಲೆಗೆ ಬಡಿಗೆಯಿಂದ ಹೊಡೆದು ಮಿದುಳನ್ನು ಜಜ್ಜಬಾರದು. ತಲೆಯನ್ನು ನಾವೇ ಕಡಿಯಬಾರದು. ತಲೆಬುರುಡೆಯ ಹಿಂದಿನ ರಂಧ್ರದಿಂದ ಮಾದರಿ ತೆಗೆಯುವ ವಿಧಾನ ವೈದ್ಯರಿಗೆ ಗೊತ್ತಿದೆ. ಮಾದರಿ ಮಂಜುಗಡ್ಡೆಯಲ್ಲಿ ಹೋಗಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮಿದುಳು ಬೇಗನೆ ಕೊಳೆಯುತ್ತದೆ. ಕೊಳೆತ ಮಿದುಳಿನಲ್ಲಿ ಬಿಲ್ಲೆ ಹಾಕಲು ಅಣುವೇ ಉಳಿದಿರುವುದಿಲ್ಲ. ಸತ್ತ ದನದ ತೊಗಲು ಸುಲಿಯದೆ, ಮಾಂಸವನ್ನು ನಾಯಿಗಳಿಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಹಾಲಿನ ಬಗ್ಗೆ: ರೋಗದ ಸಂಶಯವಿರುವ ಎಮ್ಮೆಯ ಹಾಲನ್ನು ಕುಡಿಯಲೂಬಾರದು, ಡೇರಿಗೆ ಹಾಕಲೂಬಾರದು. ಆದರೆ ಮೊದಲೇ ಕಾಯಿಸಿ ಕುಡಿದಿದ್ದರೆ ಹೆದರಬೇಡಿ. ಕುದಿಸಿದಾಗ ವೈರಸ್ ಸಾಯುತ್ತದೆ. ಹಸಿ ಹಾಲು ಕುಡಿದವರು ವೈದ್ಯರನ್ನು ಕೇಳುವುದು ಒಳ್ಳೆಯದು. ಹಾಲಿಗಿಂತ ಹೆಚ್ಚಿನ ಅಪಾಯ ಜೊಲ್ಲಿನಲ್ಲಿದೆ ಎಂಬುದನ್ನು ಮರೆಯಬಾರದು.

7. ಬೇರಿಗೇ ಮದ್ದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕಾದ ಬಡ ಹಳ್ಳಿಗರು. ಮನುಷ್ಯರಿಗೆ ಬರುವ ರೋಗದಲ್ಲಿ ನೂರಕ್ಕೆ 99 ನಾಯಿಯಿಂದಲೇ. ಒಂದು ಊರಿನ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ತೊಲಗಿಸುವ ಕಾರ್ಯಯೋಜನೆಯನ್ನು ಭಾರತ ಸರಕಾರ 2021ರಲ್ಲಿ ಪ್ರಕಟಿಸಿತು. ಹೊಲದ ಕಾವಲಿಗೆ, ಕುರಿಹಟ್ಟಿಗೆ ನಾಯಿ ಸಾಕುವ ನಾವು ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿದರೆ ಅದೇ ನಮ್ಮ ಪಾಲಿನ ಕೆಲಸ.

ನೀತಿವಂತನು ತನ್ನ ದನಕರುಗಳ ಜೀವದ ಬಗ್ಗೆಯೂ ಕಾಳಜಿ ಉಳ್ಳವನೆಂದು ಜ್ಞಾನೋಕ್ತಿಗಳ ಗ್ರಂಥ ನಮಗೆ ಕಲಿಸುತ್ತದೆ. ಪ್ರಾರ್ಥನೆಯ ಜೊತೆಗೆ ಸಾಬೂನು, ನೀರು, ಲಸಿಕೆ ಇವನ್ನೂ ದೇವರು ಕೊಟ್ಟ ಸಾಧನಗಳೆಂದು ತಿಳಿದು ಬಳಸೋಣ.

ಕುಟುಂಬದಲ್ಲಿ ಮತ್ತು ಸಂಘದ ಸಭೆಯಲ್ಲಿ ಚರ್ಚಿಸಲು:

1. ಕಚ್ಚಿದ ದಿನ ವೈರಸ್ ಎಲ್ಲಿರುತ್ತದೆ? ಲಕ್ಷಣ ಕಂಡ ದಿನ ಎಲ್ಲಿರುತ್ತದೆ?
2. ರಕ್ತ ಪರೀಕ್ಷೆಯಿಂದ ಈ ರೋಗ ಏಕೆ ತಿಳಿಯುವುದಿಲ್ಲ?
3. ಹೊಳೆಯುವ ಪ್ರತಿಕಾಯ ಹಾಕಿದ ಮೇಲೆ ಗಾಜಿನ ಪಟ್ಟಿಯನ್ನು ಏಕೆ ತೊಳೆಯುತ್ತಾರೆ?
4. ನಮ್ಮ ಓಣಿಯಲ್ಲಿ ಎಷ್ಟು ನಾಯಿಗಳಿವೆ? ಎಷ್ಟಕ್ಕೆ ಈ ವರ್ಷ ಲಸಿಕೆ ಬಿದ್ದಿದೆ?